ಓಡಿದ ಮರುದಿನದ ಕಾಲುನೋವು: ಲ್ಯಾಕ್ಟಿಕ್ ಆ್ಯಸಿಡ್ ಅಲ್ಲ ಮಾರಾಯ್ರೇ!

ಪ್ರಶ್ನೆ: ಭಾನುವಾರ ಮೊದಲ ಸಲ ಹಾಫ್ ಮ್ಯಾರಥಾನ್ ಓಡಿದೆ. ಅವತ್ತು ಆರಾಮಾಗಿದ್ದೆ. ಮಂಗಳವಾರ ನೋಡಿದರೆ ಮೆಟ್ಟಿಲು ಇಳಿಯೋಕೇ ಆಗುತ್ತಿಲ್ಲ. ಲ್ಯಾಕ್ಟಿಕ್ ಆ್ಯಸಿಡ್ ತುಂಬಿಕೊಂಡಿದೆ ಅಂತಾರೆ. ಅದನ್ನು ಹೊರಗೆ ಹಾಕೋದು ಹೇಗೆ?

ಹೊರಗೆ ಹಾಕೋಕೆ ಅಲ್ಲಿ ಏನೂ ಉಳಿದಿಲ್ಲ. ಪ್ರತಿ ಓಟದ ಸೀಸನ್ನಿನಲ್ಲೂ ಇದೇ ಪ್ರಶ್ನೆ, ನನ್ನದೂ ಅದೇ ಉತ್ತರ. ಇರಲಿ, ಇನ್ನೊಮ್ಮೆ ಹೇಳುತ್ತೇನೆ.

ಜೋರಾಗಿ ಓಡುವಾಗ ರಕ್ತದಲ್ಲಿ ಲ್ಯಾಕ್ಟೇಟ್ (ಲ್ಯಾಕ್ಟಿಕ್ ಆ್ಯಸಿಡ್ ನಮ್ಮ ದೇಹದೊಳಗೆ ಇರುವ ರೂಪ) ಏರುವುದು ನಿಜ. ಆದರೆ ಓಟ ನಿಲ್ಲಿಸಿದ ಸುಮಾರು ಒಂದು ಗಂಟೆಯಲ್ಲಿ ಅದು ಮಾಮೂಲಿ ಮಟ್ಟಕ್ಕೆ ಇಳಿಯುತ್ತದೆ. ನೀವು ಮನೆಗೆ ಬಂದು ಸ್ನಾನ ಮಾಡಿ ಇಡ್ಲಿ ತಿನ್ನುವ ಹೊತ್ತಿಗೆ ಅದರ ಕಥೆ ಮುಗಿದಿರುತ್ತದೆ. ನೋವು ಶುರುವಾಗುವುದು 12ರಿಂದ 24 ಗಂಟೆ ಕಳೆದ ಮೇಲೆ. ಜೋರಾಗುವುದು ಎರಡನೇ, ಮೂರನೇ ದಿನ. ಭಾನುವಾರವೇ ಹೋದ ಕಳ್ಳನನ್ನು ಮಂಗಳವಾರದ ಕಳ್ಳತನಕ್ಕೆ ಹಿಡಿದರೆ ಹೇಗೆ? ಇನ್ನೊಂದು ಮಾತು: ಲ್ಯಾಕ್ಟೇಟ್ ಕಸವೇ ಅಲ್ಲ. ಹೃದಯ, ಸ್ನಾಯು ಎರಡೂ ಅದನ್ನು ಇಂಧನವಾಗಿ ಉರಿಸುತ್ತವೆ.

ಆದರೂ ನಂಬಿಕೆ ಹೋಗುವುದಿಲ್ಲ. ಶುರುವಾದದ್ದು ಕಪ್ಪೆಯ ಕಾಲಿನಿಂದ ಅನ್ನಬಹುದು. ನೂರು ವರ್ಷದ ಹಿಂದೆ ಕತ್ತರಿಸಿ ತೆಗೆದ ಕಪ್ಪೆಯ ಸ್ನಾಯುವನ್ನು ದಣಿಸಿ ನೋಡಿದಾಗ ಅದರಲ್ಲಿ ಈ ಆ್ಯಸಿಡ್ ಸೇರಿಕೊಂಡಿತ್ತು. ಸೇರದೆ ಇನ್ನೇನು? ಸಾಗಿಸಲು ರಕ್ತವೇ ಇರಲಿಲ್ಲ! ಆ ಕಾಲದ ಸ್ನಾಯು ಸಂಶೋಧನೆಗೆ ಹಿಲ್, ಮೆಯರ್‌ಹಾಫ್ ಇಬ್ಬರಿಗೂ 1922ರ ನೊಬೆಲ್ ಬಂತು. ಅವರ ಕೆಲಸ ದೊಡ್ಡದೇ. ಅದನ್ನು ಮರುದಿನದ ನೋವಿಗೆ ಗಂಟು ಹಾಕಿದವರು ಬೇರೆಯವರು. ತಮಾಷೆ ಅಂದರೆ 1902ರಲ್ಲೇ ಅಮೆರಿಕದ ಸಂಶೋಧಕ ಥಿಯೋಡರ್ ಹಾಫ್, ಇದು ಸ್ನಾಯುವಿನೊಳಗಿನ ಎಳೆಗಳು ಹರಿದುಹೋಗುವುದರಿಂದ ಬರುವ ನೋವು ಎಂದು ಬರೆದಿದ್ದರು. 1983ರ ಪ್ರಯೋಗವೊಂದರಲ್ಲಿ ಟ್ರೆಡ್‌ಮಿಲ್ಲಿನ ಮೇಲೆ ಸಮತಟ್ಟಾಗಿಯೂ ಇಳಿಜಾರಿನಲ್ಲಿಯೂ ಓಡಿಸಿ ನೋಡಿದರು. ಸಮತಟ್ಟಿನಲ್ಲಿ ಲ್ಯಾಕ್ಟೇಟ್ ಏರಿತು, ನೋವು ಬರಲಿಲ್ಲ. ಇಳಿಜಾರಿನಲ್ಲಿ ಲ್ಯಾಕ್ಟೇಟ್ ಏರಲಿಲ್ಲ, ನೋವು ಬಂತು. ಇನ್ನೇನು ಸಾಕ್ಷಿ ಬೇಕು?

ನಿಜವಾದ ಕಾರಣ ಬೇಕಾದರೆ ತುಂಬಿದ ಬಕೆಟ್ಟನ್ನು ನಿಧಾನಕ್ಕೆ ಕೆಳಗಿಟ್ಟು ನೋಡಿ. ಭಾರ ಹೊತ್ತುಕೊಂಡೇ ತೋಳಿನ ಸ್ನಾಯು ಉದ್ದವಾಗುತ್ತದೆ. ಓಡುವಾಗ ಪ್ರತಿ ಹೆಜ್ಜೆ ನೆಲಕ್ಕೆ ತಾಗಿದಾಗಲೂ ತೊಡೆಯ ಮುಂಭಾಗ ಇದೇ ಕೆಲಸ ಮಾಡುತ್ತದೆ. ಸಾವಿರಾರು ಸಲ. ಇಳಿಜಾರಿನಲ್ಲಂತೂ ಇನ್ನೂ ಜೋರಾಗಿ. ಎಳೆಗಳಲ್ಲಿ ಸಣ್ಣ ಸಣ್ಣ ಹಾನಿಯಾಗುತ್ತದೆ. ರಿಪೇರಿಗೆ ದೇಹ ಕಳಿಸುವ ಪಡೆ ಬಂದು, ಸ್ವಲ್ಪ ಊದಿ, ನರಗಳು ಸೂಕ್ಷ್ಮವಾಗಲು ಗಂಟೆಗಳೇ ಬೇಕು. ಅದಕ್ಕೇ ತಡ.

ಮಸಾಜು, ಬಿಸಿನೀರು ಹಿತವಾದರೆ ಮಾಡಿಕೊಳ್ಳಿ. ಸ್ಟ್ರೆಚಿಂಗ್‌ನಿಂದ ಹೇಳಿಕೊಳ್ಳುವಂಥ ಲಾಭವಿಲ್ಲ. ಸುಮ್ನೆ ಕೂರುವ ಬದಲು ಮೆಲ್ಲಗೆ ನಡೆದಾಡಿ. ವಾರದೊಳಗೆ ಸರಿಹೋಗುತ್ತದೆ. ಆದರೆ ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ, ಕಾಲು ತುಂಬಾ ಊದಿದರೆ, ಕೂಡಲೇ ಆಸ್ಪತ್ರೆಗೆ ಹೋಗಿ. ಮೂಳೆಯ ಮೇಲೆ ಒಂದೇ ಜಾಗದಲ್ಲಿ ಚುಚ್ಚುತ್ತಿದ್ದರೆ ಅದೂ ಬೇರೆ ವಿಷಯ, ಡಾಕ್ಟರಿಗೆ ತೋರಿಸಿ.

ಯಾರೂ ಕೇಳದ ಒಂದು ಪ್ರಶ್ನೆ ಇಲ್ಲಿದೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ದಿನಾ ಹತ್ತಿ ಇಳಿಯುವ ಹಿರಿಯರನ್ನು ನೋಡಿದ್ದೀರಲ್ವಾ? ಅವರಿಗೆ ಯಾಕೆ ನೋಯುವುದಿಲ್ಲ? ಒಮ್ಮೆ ಇಳಿದು ನೊಂದ ಸ್ನಾಯು ಮುಂದಿನ ಸಲಕ್ಕೆ ತಯಾರಾಗಿರುತ್ತದೆ. ಈ ರಕ್ಷಣೆ ವಾರಗಟ್ಟಲೆ ಉಳಿಯುತ್ತದೆ. ಎಷ್ಟೋ ಓಟಗಾರರು ಏರು ರಸ್ತೆಯಲ್ಲಿ ಬೆವರು ಸುರಿಸಿ ಅಭ್ಯಾಸ ಮಾಡುತ್ತಾರೆ, ಇಳಿಯುವಾಗ ಮಾತ್ರ ಗಾಡಿ ಹತ್ತುತ್ತಾರೆ. ನಂದಿ ಬೆಟ್ಟದ ಕಡೆ ಓಡುವ ಯೋಚನೆ ಇದ್ದರೆ ಎರಡು ಮೂರು ವಾರ ಮುಂಚೆ ಸಣ್ಣ ಇಳಿಜಾರಿನಲ್ಲಿ ಹತ್ತು ನಿಮಿಷ ಓಡಿ ನೋಡಿ. ಮೊದಲ ಸಲ ಸ್ವಲ್ಪ ನೋಯುತ್ತದೆ, ಎರಡನೇ ಸಲ ಕಮ್ಮಿ.