ಸಣ್ಣ ಹೀಟರ್ ತಗೊಂಡರೆ ಬಿಲ್ಲೂ ಸಣ್ಣದಾಗುತ್ತಾ?

ಇಂಗ್ಲೆಂಡಿನಲ್ಲಿ ಎಲೆಕ್ಟ್ರಿಷಿಯನ್ ಆಗಿರುವ ಕನ್ನಡಿಗನಿಗೆ ಚಳಿಗಾಲದಲ್ಲಿ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ರೆಡಿಂಗ್ ಇರಲಿ, ಮಿಲ್ಟನ್ ಕೀನ್ಸ್ ಇರಲಿ, ಹಿತ್ತಲಲ್ಲಿ ಒಂದು ಗ್ರೀನ್‌ಹೌಸ್, ಅದರೊಳಗೆ ಕರಿಬೇವು, ಮಲ್ಲಿಗೆ. "ಒಂದು ಹೀಟರ್ ಹೇಳಿ ಸರ್. ಕರೆಂಟ್ ಜಾಸ್ತಿ ತಿನ್ನಬಾರದು. 500 ವ್ಯಾಟ್ ಸಾಕಲ್ವಾ?"

ಸಾಲದು. ಅಷ್ಟೇ ಅಲ್ಲ, ಅದರಿಂದ ದುಡ್ಡೂ ಉಳಿಯದಿರಬಹುದು. ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ.

ಗ್ರೀನ್‌ಹೌಸನ್ನು ಒಂದು ತೂತು ಬಿಂದಿಗೆ ಅಂದುಕೊಳ್ಳಿ. ಹೀಟರ್ ಅದಕ್ಕೆ ನೀರು ಬಿಡುವ ನಲ್ಲಿ. ಒಳಗಿನ ಬಿಸಿಯೇ ನೀರಿನ ಮಟ್ಟ. ಮಟ್ಟ ಏರಿದಷ್ಟೂ ಸೋರಿಕೆ ಜೋರಾಗುತ್ತದೆ. ನೀವು ದುಡ್ಡು ಕೊಡುವುದು ಸೋರಿ ಹೋದ ನೀರಿಗೆ, ನಲ್ಲಿಯ ಗಾತ್ರಕ್ಕಲ್ಲ.

ಲೆಕ್ಕ ಬೇಕು ಅನ್ನುವವರಿಗೆ: 6 ಅಡಿ ಅಗಲ, 8 ಅಡಿ ಉದ್ದದ ಸಾಮಾನ್ಯ ಗ್ರೀನ್‌ಹೌಸ್‌ಗೆ ಗೋಡೆ, ಮಾಡು ಸೇರಿ ಸುಮಾರು 20 ಚದರ ಮೀಟರ್ ಗಾಜು. ಒಂದೇ ಪದರದ ಗಾಜಾದರೆ, ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸ ಉಳಿಸಲು ಚದರ ಮೀಟರಿಗೆ 6 ವ್ಯಾಟ್ ಹತ್ತಿರ ಬೇಕು. ಅಂದರೆ ಡಿಗ್ರಿಗೆ 120 ವ್ಯಾಟ್. ಹೊರಗೆ ಮೈನಸ್ 3, ಒಳಗೆ 7 ಬೇಕೆಂದರೆ 1200 ವ್ಯಾಟ್. ಗಾಳಿ, ಸಂದಿಗೊಂದಿ ಬೇರೆ. ಹಾಗಾಗಿ ನಾನು 2 ಕಿಲೋವ್ಯಾಟ್ ಅನ್ನುತ್ತೇನೆ. ಇದು ಅಂದಾಜು, ನಿಮ್ಮ ಜಾಗ ನೋಡದೆ ಖಚಿತವಾಗಿ ಹೇಳಲಾರೆ.

ಹಾಸನ ಕಡೆಯ ಒಬ್ಬ ಅಕ್ಕ 500 ವ್ಯಾಟಿನ ಟ್ಯೂಬ್ ಹೀಟರ್ ಹಾಕಿಸಿದ್ದರು. ಬೇಕಾದಷ್ಟು ಬಿಸಿಯಾದಾಗ ತಾನೇ ಆಫ್ ಮಾಡುವ ಥರ್ಮೋಸ್ಟಾಟ್ ಇಲ್ಲ. "ಅಕ್ಕಾ, ಇದು ಹಗಲೂ ರಾತ್ರಿ ಉರೀತಿದೆಯಲ್ಲ?" ಅಂದೆ. "ಚಿಕ್ಕದಲ್ವೇನಪ್ಪ, ಎಷ್ಟು ತಿನ್ನುತ್ತೆ?" ಅಂದರು. ದಿನಕ್ಕೆ 12 ಯೂನಿಟ್ ತಿನ್ನುತ್ತದೆ. ಮೈನಸ್ 3ರ ರಾತ್ರಿ ಅದು ಕೊಟ್ಟದ್ದು ನಾಲ್ಕೇ ಡಿಗ್ರಿ, ಒಳಗೆ 1ಕ್ಕೆ ನಿಂತಿತ್ತು. ಕರಿಬೇವು ಬೋಳಾಗಿತ್ತು. ಹೊರಗೆ 10 ಡಿಗ್ರಿ ಇದ್ದ ರಾತ್ರಿಗಳಲ್ಲೂ ಅದು ಸುಮ್ನೆ ಉರಿದಿದೆ. 7ಕ್ಕೆ ಇಟ್ಟ 2 ಕಿಲೋವ್ಯಾಟ್ ಹೀಟರ್ ಅಂಥ ರಾತ್ರಿ ಆನ್ ಆಗುವುದೇ ಇಲ್ಲ. ಹೊರಗೆ 3 ಇದ್ದರೆ ಆಗಾಗ ಆನ್ ಆಗಿ, ಸರಾಸರಿ 480 ವ್ಯಾಟ್ ತಗೊಳ್ಳುತ್ತದೆ, ಅಷ್ಟೇ.

ಬಿಲ್ ಏರಿಸುವುದು ಥರ್ಮೋಸ್ಟಾಟಿನ ಡಯಲ್. "ನಮ್ಮ ಗಿಡ, ಬೆಂಗಳೂರು ಹವೆ ಬೇಕು" ಅಂತ 20ಕ್ಕೆ ಇಡುವವರಿದ್ದಾರೆ. ಲಾಲ್‌ಬಾಗಿನ ಗಾಜಿನ ಮನೆಗೆ ಹೀಟರ್ ಇಲ್ಲ ಕಣ್ರೀ, ಅಲ್ಲಿ ಊರೇ ಬೆಚ್ಚಗಿದೆ! ಇಲ್ಲಿ ಮೈನಸ್ 3ರಲ್ಲಿ 20 ಬೇಕೆಂದರೆ 2760 ವ್ಯಾಟ್, ಬೆಳಗಾಗುವವರೆಗೂ. ಕರಿಬೇವಿಗೆ 7ರಿಂದ 10 ಡಿಗ್ರಿಯಲ್ಲಿ ಚಳಿಗಾಲ ಕಳೆಯಲು ಸಾಮಾನ್ಯವಾಗಿ ಆಗುತ್ತದೆ. ಎಲೆ ಉದುರಬಹುದು, ಹೆದರಬೇಡಿ. ಆಗ ನೀರು ಮಾತ್ರ ಬಹಳ ಕಡಿಮೆ ಹಾಕಿ. ಮಲ್ಲಿಗೆ ಇದ್ದರೆ 10ಕ್ಕಿಂತ ಇಳಿಸಬೇಡಿ.

ದುಡ್ಡು ಉಳಿಸಲೇಬೇಕಾದರೆ ಒಳಗಿನಿಂದ ಬಬಲ್ ರ‍್ಯಾಪ್ ಹೊದಿಸಿ, ದೊಡ್ಡ ಗುಳ್ಳೆಯದು. ಬಿಂದಿಗೆಯ ತೂತು ಸಣ್ಣದಾಗುತ್ತದೆ. ಫ್ಯಾನ್ ಇರುವ ಹೀಟರ್ ನನಗಿಷ್ಟ, ಗಾಳಿ ಆಡಿದರೆ ಎಲೆಗೆ ಬೂಷ್ಟು ಕಡಿಮೆ. ಎಷ್ಟೋ ಡಯಲ್‌ಗಳ ಮೇಲಿನ 1, 2, 3 ಡಿಗ್ರಿ ಅಲ್ಲ, ಹಾಗಾಗಿ ಗಿಡದ ಎತ್ತರಕ್ಕೊಂದು ಮ್ಯಾಕ್ಸ್-ಮಿನ್ ಥರ್ಮಾಮೀಟರ್ (ಅತಿ ಹೆಚ್ಚು, ಅತಿ ಕಡಿಮೆ ಎಷ್ಟಿತ್ತು ಅಂತ ತೋರಿಸುವುದು) ತೂಗುಹಾಕಿ.

ಮನೆಯೊಳಗಿನ ಹೀಟರನ್ನು ದಯವಿಟ್ಟು ಅಲ್ಲಿಗೆ ಒಯ್ಯಬೇಡಿ. ಗ್ರೀನ್‌ಹೌಸ್‌ಗೆಂದೇ ಮಾಡಿದ್ದು, ಕನಿಷ್ಠ ಐಪಿಎಕ್ಸ್4 (ನೀರು ಸಿಡಿದರೂ ತಡೆಯುತ್ತದೆ ಅಂತ) ಎಂದು ಬರೆದದ್ದೇ ಬೇಕು. ಸುತ್ತಿದ ಎಕ್ಸ್‌ಟೆನ್ಷನ್ ರೀಲಿಗೆ 2 ಕಿಲೋವ್ಯಾಟ್ ಸಿಕ್ಕಿಸಿ ಹುಲ್ಲಿನ ಮೇಲೆ ಬಿಟ್ಟದ್ದನ್ನು ನೋಡಿದಾಗ ಮೈ ಉರಿಯುತ್ತದೆ. ರೀಲ್ ಕಾದು ಕರಗಬಹುದು. ಲೋಹದ ಕವಚವಿರುವ ಆರ್ಮರ್ಡ್ ಕೇಬಲ್, ಕರೆಂಟ್ ಸೋರಿದರೆ ತಕ್ಷಣ ಕಡಿಯುವ 30 ಮಿಲಿಆಂಪ್ ಆರ್‌ಸಿಡಿ ಹಾಕಿಸಿ. ಹೊಸ ಸರ್ಕ್ಯೂಟ್ ಎಳೆದರೆ ಇಂಗ್ಲೆಂಡಿನಲ್ಲಿ ಪಾರ್ಟ್ ಪಿ (ಕಟ್ಟಡ ನಿಯಮಗಳಲ್ಲಿ ವಿದ್ಯುತ್ ಸುರಕ್ಷತೆಯ ಭಾಗ) ಪ್ರಕಾರ ಅದನ್ನು ಬಿಲ್ಡಿಂಗ್ ಕಂಟ್ರೋಲ್‌ಗೆ ತಿಳಿಸಲೇಬೇಕು. ನನ್ನನ್ನೇ ಕರೆಯಿರಿ ಅಂತಿಲ್ಲ, ನೋಂದಾಯಿತ ಎಲೆಕ್ಟ್ರಿಷಿಯನ್ ಯಾರಾದರೂ ಸರಿ.