ಶಾಮಾತೆ ಅಂದ್ರೆ ಏನು?

ಇಂಗ್ಲಿಷಿನ ಸ್ಮಾರ್ಟ್ ಅನ್ನೋ ಪದ ಚೀನೀಯರ ಬಾಯಿಗೆ ಬಿದ್ದು ಆಗಿರೋದೇ ಶಾಮಾತೆ. ಚೀನೀ ಲಿಪೀಲಿ ಬರೆಯೋ ಮೂರು ಅಕ್ಷರಕ್ಕೆ ಬಿಡಿಬಿಡಿಯಾಗಿ ಕೊಲ್ಲು, ಕುದುರೆ, ವಿಶೇಷ ಅಂತೆಲ್ಲ ಅರ್ಥ ಇದೆ, ಆದ್ರೆ ಅದನ್ನ ಲೆಕ್ಕಕ್ಕೆ ತಗೋಬೇಡಿ, ಬರೀ ಸದ್ದಿಗೋಸ್ಕರ ಜೋಡಿಸಿರೋದು.

2008ರ ಆಸುಪಾಸು. ಚೀನಾದ ಹಳ್ಳಿಗಳಿಂದ ಡೊಂಗ್‌ಗ್ವಾನ್, ಶೆನ್‌ಝೆನ್ ಅನ್ನೋ ದಕ್ಷಿಣದ ಸಿಟಿಗಳ ಕಡೆ ಫ್ಯಾಕ್ಟರಿ ಕೆಲಸಕ್ಕೆ ಬಂದ ಹುಡುಗ್ರು ಹುಡುಗೀರು, ಎಷ್ಟೋ ಜನಕ್ಕೆ ಹದಿನಾರೂ ತುಂಬಿರ್ಲಿಲ್ಲ, ಕೂದಲಿಗೆ ಕೆಂಪು ನೇರಳೆ ನೀಲಿ ಬಣ್ಣ ಹಾಕಿ, ಸ್ಪ್ರೇ ಹೊಡೆದು ಮುಳ್ಳುಹಂದಿ ಥರ ನಿಲ್ಲಿಸ್ಕೊಂಡು, ಕಣ್ಣಿಗೆ ದಪ್ಪಗೆ ಕಾಡಿಗೆ ಹಚ್ಕೊಂಡು, ಸೈಬರ್ ಸೆಂಟರಲ್ಲಿ ವೆಬ್‌ಕ್ಯಾಮ್ ಮುಂದೆ ಕೂತು ಫೋಟೋ ತೆಗೆದು ಕ್ಯೂಕ್ಯೂಗೆ ಹಾಕೋರು. ಇವ್ರಿಗೆ ಬಂದ ಹೆಸ್ರೇ ಶಾಮಾತೆ. (ಕ್ಯೂಕ್ಯೂ ಅಂದ್ರೆ ಟೆನ್ಸೆಂಟ್ ಕಂಪ್ನಿ 1999ರಲ್ಲಿ ಶುರು ಮಾಡಿದ ಚಾಟಿಂಗ್ ಸಾಫ್ಟ್‌ವೇರ್.)

ಕೂದಲೇ ಯಾಕೆ ಅಂತ ಕೇಳಿದ್ರೆ, ಕೈಲಿ ದುಡ್ಡಿಲ್ಲದೋರಿಗೆ ಬೇರೆ ಏನಿತ್ತು ಹೇಳಿ. ಚೀನಾದಲ್ಲಿ 1958ರಿಂದ ಹುಕೋವು ಅನ್ನೋ ನೋಂದಣಿ ಪದ್ಧತಿ ಇದೆ, ಹಳ್ಳೀಲಿ ಹೆಸ್ರು ಬರೆಸಿದ ಮನೆಯವ್ರ ಮಕ್ಕಳಿಗೆ ಸಿಟಿ ಸರ್ಕಾರಿ ಸ್ಕೂಲಲ್ಲಿ ಸೀಟು ಸಿಗೋದು ಕಷ್ಟ, ಹಾಗಾಗಿ ಅಪ್ಪ ಅಮ್ಮ ದುಡಿಯೋಕೆ ಹೋದ್ರೆ ಮಕ್ಕಳು ಊರಲ್ಲೇ ಅಜ್ಜ ಅಜ್ಜಿ ಹತ್ರ ಉಳೀತಾರೆ, ಬೆಳೆದ ಮೇಲೆ ಅವ್ರೂ ಅದೇ ಫ್ಯಾಕ್ಟರಿ ಸಾಲಿಗೆ ಬಂದು ನಿಲ್ತಾರೆ. ದಿನವಿಡೀ ಒಂದೇ ಯೂನಿಫಾರ್ಮ್, ಯಾರೂ ಮುಖ ನೋಡಲ್ಲ. ಆದ್ರೆ ಆ ಕೂದಲನ್ನ ನೋಡದೇ ಇರೋಕೆ ಯಾರಿಗೂ ಆಗಲ್ಲ.

ಕ್ಯೂಕ್ಯೂ ಗ್ರೂಪುಗಳನ್ನ ಇವ್ರು ಕರೀತಿದ್ದಿದ್ದು ಜ್ಯಾಝೂ ಅಂತ, ಅಂದ್ರೆ ಮನೆತನ. ಒಂದು ಗ್ರೂಪಿನ ಹೆಸ್ರಂತೂ 'ಪ್ರೀತಿಯನ್ನ ಮಣ್ಣು ಮಾಡಿದ ಮನೆತನ'. ಕೇಳೋಕೆ ಅತಿ ಅನ್ಸುತ್ತೆ, ಆದ್ರೆ ಹದಿನೈದು ವರ್ಷದ ಮಗು ಅಪ್ಪ ಅಮ್ಮನ್ನ ಬಿಟ್ಟು ಹಾಸ್ಟೆಲ್ ಮಂಚದ ಮೇಲೆ ಮಲಗಿ ಇಟ್ಕೊಂಡ ಹೆಸ್ರು ಅಂತ ಗೊತ್ತಾದ್ರೆ ನಗು ಬರಲ್ಲ.

ಸಿಟಿಯೋರು ನಕ್ಕರು. ನಕ್ಕಿದ್ದಷ್ಟೇ ಅಲ್ಲ, ಶಾಮಾತೆ ವೇಷದಲ್ಲಿ ಗ್ರೂಪಿಗೆ ನುಗ್ಗಿ, ನಂಬಿಕೆ ಗಳಿಸಿ, ಅಡ್ಮಿನ್ ಆಗಿ, ಆಮೇಲೆ ಇಡೀ ಗ್ರೂಪನ್ನೇ ಅಳಿಸಿ ಹಾಕೋರು. ಬೀದೀಲಿ ಹೊಡೆತ ತಿಂದೋರೂ ಇದ್ದಾರೆ. ನನಗೆ ತುಂಬಾ ನೋವಾಗೋದು ಇಲ್ಲೇ, ಆ ಮಕ್ಕಳಿಗೆ ಇದ್ದ ಒಂದೇ ಮನೆ ಅದು. 2013ರ ಹೊತ್ತಿಗೆ ಬಹಳಷ್ಟು ಜನ ಕೂದಲು ಕತ್ತರಿಸ್ಕೊಂಡ್ರು.

ಪೂರ್ತಿ ಹೋಗ್ಲಿಲ್ಲ ಮಾತ್ರ. ಆಮೇಲೆ ಕ್ವಾಯ್‌ಶೋ ಅನ್ನೋ ವಿಡಿಯೋ ಆ್ಯಪಲ್ಲಿ ಕೆಲವ್ರು ಮತ್ತೆ ಕಾಣಿಸ್ಕೊಂಡ್ರು, ಡೊಂಗ್‌ಗ್ವಾನಿನ ಶಿಪಾಯ್ ಅನ್ನೋ ಕಡೆಯ ಪಾರ್ಕಲ್ಲಿ ಅಕ್ಟೋಬರ್ 1ರ ರಾಷ್ಟ್ರೀಯ ದಿನದ ರಜೆಗೆ ಬಣ್ಣದ ಕೂದಲು ನಿಲ್ಲಿಸ್ಕೊಂಡು ಬಂದು ಸೇರ್ತಿದ್ರು.