ಫೋನಿನ ತೆರೆಯ ಮೇಲಿನ 'ಇವರಿಂದ'

ಶಾಲೆಯಲ್ಲಿ ಪತ್ರಲೇಖನ ಕಲಿಸುವಾಗ ಮೇಷ್ಟ್ರು ಮೊದಲು ಬರೆಸುವುದು 'ಇವರಿಂದ', ಆಮೇಲೆ 'ಇವರಿಗೆ'. ಎರಡನೆಯದು ತಪ್ಪಾದರೆ ಪತ್ರ ತಲುಪುವುದಿಲ್ಲ. ಮೊದಲನೆಯದರ ಕೆಳಗೆ ಯಾರ ಹೆಸರು ಗೀಚಿದರೂ ತಲುಪುತ್ತದೆ. ಇಂಟರ್ನೆಟ್ ಫೋನಿನ ಕಥೆಯೂ ಇದೇ. ಕಚೇರಿಗಳ ಇಂಟರ್ನೆಟ್ ಕರೆಗಳು ಹೆಚ್ಚಾಗಿ ಸಿಪ್ ಎಂಬ ನಿಯಮಾವಳಿಯಂತೆ ನಡೆಯುತ್ತವೆ. ಅದರ ಈಗಿನ ರೂಪ ಪ್ರಕಟವಾದದ್ದು 2002ರಲ್ಲಿ. ಕರೆಗೂ ಮುಂಚೆ ಪಠ್ಯರೂಪದ ಸಂದೇಶವೊಂದು ಹೊರಡುತ್ತದೆ. ಅದರಲ್ಲಿರುವ 'ಫ್ರಮ್' ಸಾಲನ್ನು ತುಂಬುವುದು ಕರೆ ಮಾಡುವವರ ಕಡೆಯ ಯಂತ್ರ. ದಾರಿಯಲ್ಲಿ ಯಾರೂ ತಡೆದು ವಿಚಾರಿಸದಿದ್ದರೆ, ಅಲ್ಲಿ ಬರೆದದ್ದೇ ನಮ್ಮ ತೆರೆಯ ಮೇಲೆ ಮೂಡುತ್ತದೆ.

ಈ ಸಡಿಲ ಎಷ್ಟು ದೊಡ್ಡದೆಂಬುದು 2024ರ ಅಕ್ಟೋಬರಿನಲ್ಲಿ ಗೊತ್ತಾಯಿತು. ವಿದೇಶದಿಂದ ಭಾರತದ ನಂಬರ್ ತೋರಿಸಿಕೊಂಡು ಬರುವ ನಕಲಿ ಕರೆಗಳನ್ನು ತಡೆಯುವ ವ್ಯವಸ್ಥೆಯನ್ನು ದೂರಸಂಪರ್ಕ ಇಲಾಖೆ ಶುರುಮಾಡಿದಾಗ, ಮೊದಲ 24 ಗಂಟೆಗಳಲ್ಲೇ ಸುಮಾರು 1.35 ಕೋಟಿ ಕರೆಗಳು ಸಿಕ್ಕಿಬಿದ್ದವು. ಹೀಗಿರುವಾಗ, ಬಂದ ನಂಬರನ್ನೇ ನಂಬಿ ಪಿನ್ ಕೇಳದೆ ವಾಯ್ಸ್‌ಮೇಲ್, ಅಂದರೆ ಕರೆ ಮಾಡಿದವರು ಬಿಟ್ಟುಹೋದ ಧ್ವನಿ ಸಂದೇಶಗಳ ಪೆಟ್ಟಿಗೆಯನ್ನು, ತೆರೆದುಕೊಡುವ ವ್ಯವಸ್ಥೆಯನ್ನು ಯಾರೂ ಕಟ್ಟಬಾರದು.

ಮೋಸವಿಲ್ಲದ ಕರೆಗಳಲ್ಲೂ ತೊಡಕು ಕಡಿಮೆಯಿಲ್ಲ. ಒಂದೇ ನಂಬರ್ +91 ಹೊತ್ತು ಬರಬಹುದು, 0091 ಹೊತ್ತು ಬರಬಹುದು, ಬರೀ 91 ಅಥವಾ 0 ಸೇರಿಸಿಕೊಂಡು ಬರಬಹುದು, ಹತ್ತೇ ಅಂಕೆಗಳಾಗಿಯೂ ಬರಬಹುದು. ಹಳೆಯ ಗ್ರಾಹಕರು ಕರೆ ಮಾಡಿದರೂ ಕಚೇರಿಯ ಕಂಪ್ಯೂಟರಿಗೆ ಗುರುತು ಸಿಗುವುದಿಲ್ಲ. ಆಗ ಅವಸರದಲ್ಲಿ ಒಂದು ನಿಯಮ ಬರೆಯುತ್ತಾರೆ: ಮೊದಲಿಗೆ 91 ಇದ್ದರೆ ಕಿತ್ತುಹಾಕು. ಆದರೆ 91ರಿಂದಲೇ ಶುರುವಾಗುವ ಹತ್ತಂಕೆಯ ಮೊಬೈಲ್ ನಂಬರುಗಳೂ ನಮ್ಮಲ್ಲಿವೆ. ಅವು ಎಂಟಂಕೆಗೆ ಕುಸಿಯುತ್ತವೆ. ಇನ್ನೊಂದು ನಿಯಮ: 080 ಕಂಡರೆ ಬೆಂಗಳೂರಿನ ಸ್ಥಿರ ದೂರವಾಣಿ. ಇದೂ ಕೈಕೊಡುತ್ತದೆ. 80ರಿಂದ ಶುರುವಾಗುವ ಮೊಬೈಲ್ ನಂಬರಿನ ಮುಂದೆ ಸೊನ್ನೆ ಬಂದು ಕೂತರೆ ಅದೂ 080 ಎಂದೇ ಕಾಣುತ್ತದೆ. ಮೊದಲ ಅಂಕೆಗಳ ಜೊತೆಗೆ ಒಟ್ಟು ಉದ್ದವನ್ನೂ ಮುಂದಿನ ಅಂಕೆಗಳನ್ನೂ ನೋಡದೆ ತೀರ್ಮಾನಿಸುವಂತಿಲ್ಲ. ಸಿಪ್‌ನಲ್ಲಿ ನಂಬರಿನ ಜಾಗದಲ್ಲಿ 'ರಿಸೆಪ್ಷನ್' ಎಂಬಂಥ ಪದವೂ ಇರಬಹುದು, ಅದು ನಿಯಮಬದ್ಧವೇ. ಅಂಕೆಯಲ್ಲದ್ದನ್ನೆಲ್ಲ ಅಳಿಸುವ ಪ್ರೋಗ್ರಾಮ್ ಅಲ್ಲಿ ಏನನ್ನೂ ಉಳಿಸದು. ನನ್ನ ಮಟ್ಟಿಗೆ ಇದರಲ್ಲಿ ಎರಡು ಮಾತಿಲ್ಲ: ಬಂದದ್ದನ್ನು ಬಂದ ಹಾಗೆಯೇ ಒಂದು ಕಡೆ ಬರೆದಿಡಬೇಕು, ತಿದ್ದಿದ ರೂಪವನ್ನು ಇನ್ನೊಂದು ಕಡೆ.

ಏನೂ ಬರದಿದ್ದರೆ? ಅದಕ್ಕೂ ಹಲವು ಅರ್ಥಗಳಿವೆ. ಮಾರ್ಕ್ ಸ್ಪೆನ್ಸರ್ 1999ರಲ್ಲಿ ಆರಂಭಿಸಿದ ಆಸ್ಟರಿಸ್ಕ್ ಎಂಬ ಮುಕ್ತ ತಂತ್ರಾಂಶದಿಂದ ಯಾರು ಬೇಕಾದರೂ ಕಚೇರಿಯ ಫೋನ್ ಎಕ್ಸ್‌ಚೇಂಜ್ ಕಟ್ಟಿಕೊಳ್ಳಬಹುದು. ಹಳೆಯ ತಂತಿ ಫೋನನ್ನು ಅದಕ್ಕೆ ಜೋಡಿಸುವ ಸೆಟ್ಟಿಂಗ್‌ಗಳ ನಡುವೆ 'ಪೋಲಾರಿಟಿ_ಐಎನ್' ಎಂಬುದೊಂದಿದೆ, ಭಾರತಕ್ಕೆಂದೇ ಇಟ್ಟದ್ದು. ಅಮೆರಿಕದಲ್ಲಿ ಮೊದಲ ಮತ್ತು ಎರಡನೆಯ ಗಂಟೆಯ ನಡುವೆ ನಂಬರ್ ಮೋಡೆಮ್ ಸದ್ದಾಗಿ ಬರುತ್ತದೆ. ಈ ಸೆಟ್ಟಿಂಗ್ ಹಾಕಿದರೆ ಯಂತ್ರವು ತಂತಿಯ ವಿದ್ಯುತ್ ದಿಕ್ಕು ತಿರುವುಮುರುವಾಗುವುದನ್ನು ಕಾದು, ಆಮೇಲೆ ಗುಂಡಿ ಒತ್ತಿದಾಗ ಕೇಳುವಂಥ ಸ್ವರಗಳಲ್ಲಿ ನಂಬರನ್ನು ಓದುತ್ತದೆ. ಅಮೆರಿಕದ ರೀತಿಗೆ ಕಿವಿಗೊಟ್ಟು ಕೂತ ಯಂತ್ರಕ್ಕೆ ಅದು ಕೇಳಿಸುವುದೇ ಇಲ್ಲ. ನಂಬರ್ ಬಂದಿರುತ್ತದೆ, ತೆರೆ ಖಾಲಿ!

ಇನ್ನು ಬೇಕೆಂದೇ ಮರೆಮಾಡಿದ ನಂಬರ್. ಸಿಪ್‌ನಲ್ಲಿ ಅದಕ್ಕೆ 'ಅನಾನಿಮಸ್' ಎಂಬ ಹೆಸರು, ಯಾವತ್ತೂ ಯಾರಿಗೂ ಸಿಗದಂತೆ ಕಾದಿರಿಸಿದ 'ಡಾಟ್ ಇನ್‌ವ್ಯಾಲಿಡ್' ವಿಳಾಸ. ನಿಜವಾದ ನಂಬರ್ ಬೇರೊಂದು ಸಾಲಿನಲ್ಲಿ, ಪರಸ್ಪರ ನಂಬುವ ಕಂಪನಿಗಳ ಜಾಲದೊಳಗೆ ಮಾತ್ರ ಸಾಗುತ್ತದೆ. 'ಹೇಳಲು ಇಷ್ಟವಿಲ್ಲ' ಬೇರೆ, 'ಗೊತ್ತಿಲ್ಲ' ಬೇರೆ. ಎರಡನ್ನೂ ಖಾಲಿ ಎಂದು ಒಟ್ಟುಮಾಡಿ ಕರೆ ಕಡಿದುಹಾಕುವ ವ್ಯವಸ್ಥೆ ಕಂಡರೆ ನನಗೆ ಸಂಕಟವಾಗುತ್ತದೆ. ಮನೆಯ ಹಿಂಸೆಗೆ ಹೆದರಿ, ನಂಬರ್ ಮುಚ್ಚಿಟ್ಟು ಸಹಾಯ ಕೇಳುವ ಹೆಂಗಸಿನ ಕರೆಯೂ ಅದರಲ್ಲಿ ಸೇರಿರಬಹುದು.

ಕೊನೆಗೆ, ಹೆಸರು. ಸಿಪ್ ಯುಟಿಎಫ್-8 ಎಂಬ ಸಂಕೇತಪದ್ಧತಿ ಬಳಸುವುದರಿಂದ ಹೆಸರು ಕನ್ನಡದಲ್ಲೇ ಬರಬಹುದು. 'ಶಾರದಮ್ಮ' ನಮ್ಮ ಕಣ್ಣಿಗೆ ನಾಲ್ಕಕ್ಷರ. ಕಂಪ್ಯೂಟರಿಗೆ ಅದು ದೀರ್ಘ, ಒತ್ತು ಎಲ್ಲ ಬಿಡಿಯಾಗಿ ಏಳು ಸಂಕೇತ. ಒಂದೊಂದಕ್ಕೆ ಮೂರರಂತೆ 21 ಬೈಟ್ (ಕಂಪ್ಯೂಟರಿನಲ್ಲಿ ಜಾಗ ಅಳೆಯುವ ಘಟಕ). ಕರೆ ಮಾಡಿದವರ ಗುರುತು ತೋರಿಸುವ ಅಮೆರಿಕದ ಹಳೆಯ ಕಾಲರ್ ಐಡಿಯಲ್ಲಿ ಹೆಸರಿಗೆ 15 ಅಕ್ಷರಗಳ ಜಾಗವಿತ್ತು. ಆ ಮಿತಿಯನ್ನು ಬೈಟ್‌ಗಳಲ್ಲಿ ಎಣಿಸುವ ಯಂತ್ರ 'ಶಾರದಮ' ಎಂದು ಕತ್ತರಿಸುತ್ತದೆ. ಮಿತಿ 16 ಆದರೆ ತುದಿಯಲ್ಲಿ ಒಡೆದ ಬೈಟ್ ಉಳಿದು ಪ್ರಶ್ನಾರ್ಥಕ ಚಿಹ್ನೆ ಮೂಡುತ್ತದೆ. ಅಕ್ಷರದ ಗಡಿ ನೋಡಿ ಕತ್ತರಿಸಿದರೆ ಉಳಿಯುವುದು 'ಶಾರದ', ಓದಿ ಕೂಗಬಹುದಾದ ಹೆಸರು.